ಪೂಜೆ ಮುಗಿಯುವವರೆಗೆ

ತಮಿಳರು ಕತ್ತರಿ ಎನ್ನುವ ಕಡುಬಿಸಿಲು ಪಂಚಾಂಗದಲ್ಲಿ ಮುಗಿದಿತ್ತು, ಪೆರಂಬೂರಿನ ಆ ಓಣಿಯಲ್ಲಿ ಮುಗಿದಿರಲಿಲ್ಲ. ಬೆಳಗಾಗುತ್ತಲೇ ತಾರಸಿ ಕಾದು, ತಾರಸಿಯ ಕೆಳಗಿನ ಎರಡು ಕೋಣೆ ಕಾದು, ಕಲ್ಯಾಣಮ್ಮ ರೊಟ್ಟಿ ಬಡಿಯುತ್ತಿದ್ದ ಮೂಲೆಯಲ್ಲಿ ಉಸಿರೂ ಬಿಸಿಯಾಗಿಯೇ ಒಳಗೆ ಹೋಗುತ್ತಿತ್ತು. ಆ ವರ್ಷ ಚೆನ್ನೈಗೆ ಮಳೆ ಕೈಕೊಟ್ಟಿತ್ತು. ನಳಗಳು ಒಣಗಿ, ಓಣಿಗೆ ದಿನ ಬಿಟ್ಟು ದಿನ ನೀರಿನ ಲಾರಿ ಬರುತ್ತಿತ್ತು. ಹಿಟ್ಟಿಗೆ ಹಾಕುವ ಎಸರನ್ನೂ ಅವಳು ಲೋಟದಲ್ಲಿ ಅಳೆದು ಹಾಕುತ್ತಿದ್ದಳು. ಜೋಳ ಅವಳ ಅಣ್ಣ ಹರಿಹರ ಪ್ಯಾರೀಸ್ ಕಾರ್ನರಿನ ತನ್ನ ಮೆಣಸಿನಕಾಯಿ ಅಂಗಡಿಗೆ ಬರುವ ಲೋಡಿನ ಜೊತೆ ತರಿಸಿಕೊಟ್ಟದ್ದು, ಹಿಟ್ಟಿಗೂ ಘಾಟು ಹತ್ತಿತ್ತು. ಒಂದು ರೊಟ್ಟಿ ಬಡಿಯುವುದು, ಕೈ ನಿಲ್ಲಿಸುವುದು, ಹೊರಕೋಣೆಯ ಕಡೆ ಕಿವಿಗೊಡುವುದು. ಹಂಚಿನ ಮುಂದೆ ಕೂತರೆ ಮಗನ ಪಾದ ಮಾತ್ರ ಕಾಣುತ್ತಿತ್ತು. ಕಾಣಲೆಂದೇ ಅವಳು ಅವನ ಚಾಪೆಯನ್ನು ಒಂದು ಮೊಳ ಈಚೆಗೆ ಎಳೆದಿದ್ದಳು. ಹಿಮ್ಮಡಿ ಅಲುಗಿದರೆ ಎಚ್ಚರವಿದ್ದಾನೆ. ಅಲುಗದಿದ್ದರೆ ನಿದ್ದೆ, ಅಥವಾ. ಆ ಅಥವಾದ ಮುಂದಕ್ಕೆ ಹೋಗದಂತೆ ಅವಳು ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದುತ್ತಿದ್ದಳು.

"ಶಿವು, ಎದ್ದಿಯೇನಪಾ?"

ಹಿಮ್ಮಡಿ ಅಲುಗಿತು.

ಹದಿನಾರು ವರ್ಷದ ಹುಡುಗನ ಕಾಲು ಇಷ್ಟು ತೆಳ್ಳಗಾದದ್ದು ಯಾವಾಗ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಹಂಗರಗಿಯಲ್ಲಿ ಇದೇ ಕಾಲು ಕೃಷ್ಣೆಯ ಈ ದಂಡೆಯಿಂದ ಆ ದಂಡೆಗೆ ಈಜಿ ಹೋಗಿ, ಸೌತೆಕಾಯಿ ಕದ್ದು, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಿರುಗಿ ಬರುತ್ತಿತ್ತು. ಆ ದಂಡೆಯೂ ಈ ದಂಡೆಯೂ ಈಗ ಆಣೆಕಟ್ಟಿನ ಹಿನ್ನೀರಿನ ಕೆಳಗಿವೆ. ಊರವರೆಲ್ಲ ಎತ್ತರದ ಬಯಲಿನ ಪುನರ್ವಸತಿ ಕೇಂದ್ರಕ್ಕೆ ಹೋದರೆ, ಅವಳ ಗಂಡ ಏಕಾಂತಪ್ಪ ಹರಿಹರನ ಮಾತು ಕೇಳಿ ಸಂಸಾರವನ್ನೂ ತನ್ನ ತಾಯಿಯನ್ನೂ ಇಲ್ಲಿಗೆ ತಂದ. ಗಂಡನಿಗೆ ಅಂಗಡಿಯಲ್ಲಿ ಚೀಲ ತೂಗಿಸುವ ಕೆಲಸ. ಮಕ್ಕಳಿಗೆ ಇಂಗ್ಲಿಷ್ ಶಾಲೆ. ಸಣ್ಣವಳು ಬಿಂದು ಆರು ತಿಂಗಳಿಗೆ ತಮಿಳಿನಲ್ಲಿ ಜಗಳವಾಡಲು ಕಲಿತಳು. ಶಿವುವನ್ನು ಇಂಗ್ಲಿಷ್ ಬರುವುದಿಲ್ಲವೆಂದು ಎರಡು ತರಗತಿ ಕೆಳಗೆ ಕೂಡಿಸಿದರು. ಬೆಂಚಿಗೆ ಮೊಣಕಾಲು ತಾಗುತ್ತಿತ್ತಂತೆ. ಜೊತೆಯ ಹುಡುಗರು ಅವನನ್ನು ಅಂಕಲ್ ಎಂದು ಕರೆಯುತ್ತಿದ್ದರಂತೆ. ಮೊದಲ ಸಲ ಅವನೇ ಅದನ್ನು ನಗುತ್ತ ಮನೆಯಲ್ಲಿ ಹೇಳಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ವಾರ ಮನೆಯಲ್ಲೂ "ಅಂಕಲ್ ಊಟಕ್ಕ ಬರ್ರಿ" ಎಂದದ್ದಾಯಿತು. ಆಮೇಲೆ ಅವನು ಶಾಲೆಯ ಯಾವ ಸುದ್ದಿಯನ್ನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮಧ್ಯಾಹ್ನವೆಲ್ಲ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಾಗ "ಎಮ್ಮಿ ಬಿದ್ದಂಗ ಬೀಳ್ತಿ" ಎಂದು ಬೈದವಳು ಅವಳೇ. ಮೊಸರು ಬೇಡವೆಂದಾಗ ದುಡ್ಡು ಉಳಿಯಿತೆಂದುಕೊಂಡವಳೂ ಅವಳೇ. ತನ್ನ ಕಂಪಾಸ್ ಪೆಟ್ಟಿಗೆಯನ್ನು ತಂಗಿಗೆ ಕೊಟ್ಟದ್ದನ್ನು ಕಂಡು, ಅಣ್ಣನಾದವನಿಗೆ ಈಗಲಾದರೂ ಬುದ್ಧಿ ಬಂತು ಎಂದು ಅತ್ತೆಯ ಮುಂದೆ ಹೇಳಿಕೊಂಡಿದ್ದಳು.

ಹೋಳಿಹುಣ್ಣಿವೆ ಕಳೆದ ಮೇಲೆ ಒಂದು ದಿನ ಅವನು ಸಾಯಲು ನೋಡಿದ. ಸಾಯಲಿಲ್ಲ.

ಆ ದಿನದ ಬಗ್ಗೆ ಅವಳಿಗೆ ಬೇರೆಲ್ಲ ಮಸುಕು, ಆಸ್ಪತ್ರೆಯ ನೆಲ ಮಾತ್ರ ನಿಚ್ಚಳ. ಬಿಳಿ ಚುಕ್ಕೆಯ ಬೂದು ಮೊಸಾಯಿಕ್, ಮಂಚದ ಕಾಲಿಗೆ ಹತ್ತಿದ್ದ ತುಕ್ಕು. ನರ್ಸು ಅವನ ಅಂಗಿಯ ಜೊತೆ ಕೊರಳಿನ ಶಿವದಾರವನ್ನೂ ಕತ್ತರಿಸಿ ಎಸೆದಿದ್ದಳು. ಹುಟ್ಟಿದ ಕೂಸಿಗೆ ಅಯ್ಯನವರು ಬಂದು ಕಟ್ಟಿದ ಲಿಂಗ. ಈಜುವಾಗಲೂ ಮಲಗುವಾಗಲೂ ಮೈಬಿಟ್ಟು ಹೋಗಿರಲಿಲ್ಲ. ಅವಳು ಮಂಚದ ಕೆಳಗೆ ಹೊಕ್ಕು, ಹತ್ತಿಯ ಉಂಡೆಗಳ ನಡುವೆ, ಯಾರದೋ ಚಪ್ಪಲಿಯ ನಡುವೆ ಕೈಯಾಡಿಸಿದಳು. ಮೇಲೆ ಮಗ ಬದುಕುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದರು, ಕೆಳಗೆ ಅವಳು ಲಿಂಗ ಹುಡುಕುತ್ತಿದ್ದಳು. ಸಿಗಲಿಲ್ಲ. ಆಮೇಲೆ ಒಬ್ಬ ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಏನೇನೋ ಹೇಳಿದಳು, ಹರಿಹರ ಕನ್ನಡಕ್ಕೆ ತಿರುಗಿಸಿದ. ಇದು ಹಟ ಅಲ್ಲ, ಸೋಮಾರಿತನ ಅಲ್ಲ, ಬ್ಯಾನಿ. ಗುಳಿಗಿ ತಪ್ಪಿಸಬ್ಯಾಡ್ರಿ. ಒಬ್ಬನ್ನ ಬಿಡಬ್ಯಾಡ್ರಿ. ಮತ್ತೆ ಹಂಗ ಅನಸತೈತೇನು ಅಂತ ಬಾಯಿಬಿಟ್ಟು ಕೇಳ್ರಿ, ಕೇಳಿದ್ರ ಏನೂ ಆಗಂಗಿಲ್ಲ. ಏಕಾಂತಪ್ಪ ಮನೆಗೆ ಬಂದವನೇ ಬಚ್ಚಲಿನ ಬಾಗಿಲಿನ ಚಿಲಕ ಕಿತ್ತ. ಗುಳಿಗೆಯನ್ನು ದಿನವೂ ಅವಳೇ ಕೈಯಾರೆ ಕೊಟ್ಟಳು. ಕೇಳುವುದೊಂದನ್ನು ಯಾರೂ ಮಾಡಲಿಲ್ಲ. ಆ ಮಾತು ನಾಲಿಗೆಯ ಮೇಲೆ ಬಂದರೆ ಮನೆಯೊಳಗೆ ಬಂದಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಓಣಿಯಲ್ಲಿ ಕಾಮಾಲೆ ಎಂದು ಹೇಳಿದ್ದಾಯಿತು.

ಆಸ್ಪತ್ರೆಯಿಂದ ಬಂದ ದಿನ ಅತ್ತೆ ಬಾಗಿಲಲ್ಲೇ ಮೊಮ್ಮಗನ ಎದೆ ಮುಟ್ಟಿ ನೋಡಿದ್ದಳು. ಅತ್ತಳು. ಅತ್ತು ಮುಗಿದ ಮೇಲೆ ಹೇಳಿದಳು: "ಲಿಂಗ ಇಲ್ಲದ ಮೈ ಅಡಿಗಿ ಮನಿಗೆ ಬರಬಾರದವ್ವಾ. ನಮ್ಮ ಮನಿ ಅಯ್ಯಾವರು ಬಂದು ಮತ್ತ ಕಟ್ಟೂ ಮಟಾ ಹೊರಗ ಹಾಕು. ನಾಕ ದಿನದ ಮಾತು." ಇಲ್ಲೂ ಅಯ್ಯನವರಿದ್ದಾರೆ, ಕರೆಸೋಣ ಎಂದು ಹರಿಹರ ಅಂದರೆ ಮುದುಕಿ ಒಪ್ಪಲಿಲ್ಲ, ಮೊದಲು ಕಟ್ಟಿದ ಮನೆತನದವರೇ ಕಟ್ಟಬೇಕು. ಆ ಅಯ್ಯನವರ ಮಠವೂ ಮುಳುಗಿತ್ತು. ಅವರೀಗ ಬಯಲಿನ ತಗಡಿನ ಶೆಡ್ಡಿನಲ್ಲಿದ್ದರು. ಫೋನು ಹಚ್ಚಿ ಕೇಳಿದರೆ ಶ್ರಾವಣ ಮುಗಿದ ಮೇಲೆ ಬರುತ್ತೇನೆ ಎಂದರು. ನಾಲ್ಕು ದಿನದ ಮಾತು ತಿಂಗಳುಗಳಾಯಿತು. ಶಿವುವಿಗೆ ಒಂದು ಪ್ಲಾಸ್ಟಿಕ್ ತಟ್ಟೆ, ಒಂದು ಲೋಟ. ಹೊರಬಾಗಿಲ ಹೊಸ್ತಿಲಾಚೆ, ಮೆಟ್ಟಿಲ ಬಳಿ ಅವನ ಊಟ. ಉಂಡ ತಟ್ಟೆಯನ್ನು ಅವನೇ ತೊಳೆದು, ಮೆಟ್ಟಿಲ ಮೂಲೆಯಲ್ಲಿ ಬೋರಲು ಹಾಕುತ್ತಿದ್ದ. ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ಅದೇ ಅವಳಿಗೆ ಅನುಕೂಲವಾಗಿತ್ತು. ಹೋದ ವಾರ ಅತ್ತೆ ಬಿಂದುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತನ್ನ ಮಾವನ ಕಥೆ ಹೇಳುತ್ತಿದ್ದಳು, ಹೊಳೆಯಲ್ಲಿ ಲಿಂಗ ಜಾರಿದಾಗ ಸಿಗುವತನಕ ಅನ್ನ ನೀರು ಬಿಟ್ಟು ದಂಡೆಯ ಮೇಲೆ ಕೂತವನ ಕಥೆ. "ಲಿಂಗ ಹೋದ ಮ್ಯಾಲ ಈ ಜೀವ ಯಾಕ ಇಟಗೊಳ್ಳೂದು ಅಂದ್ನಂತ," ಎಂದಾಗ ಕಲ್ಯಾಣಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಹೊರಗೆ ಹೊಸ್ತಿಲಲ್ಲಿ ಉಣ್ಣುತ್ತಿದ್ದ ಶಿವು ತಲೆ ಎತ್ತಿ ಅಜ್ಜಿಯನ್ನು ನೋಡಿದ, ಪಾಠ ಕೇಳುವ ಹುಡುಗ ನೋಡುವ ಹಾಗೆ.

ಓಣಿಯ ತುದಿಯಲ್ಲಿ ಲಾರಿ ಹಾರ್ನ್ ಹಾಕಿತು. ಹಂಚು ಇಳಿಸಿ ಕೊಡಗಳನ್ನು ಎತ್ತಿಕೊಂಡಳು. ಬಿಂದು ಶಾಲೆಗೆ ಹೋಗಿದ್ದಳು, ಗಂಡ ಅಂಗಡಿಗೆ. ಅತ್ತೆ ಒದ್ದೆ ಸೀರೆಯನ್ನು ಹಗ್ಗಕ್ಕೆ ಹರವುತ್ತಿದ್ದಳು.

"ಅತ್ತಿ, ನೀರಿಗೆ ಹೋಗಿ ಬರ್ತೀನ್ರಿ. ಇವನ್ನ ನೋಡಕೋತಿರ್ರಿ."

"ನಾ ಎಲ್ಲಿ ಹೋಗಾಕಿ? ಇಲ್ಲೇ ಇರ್ತೀನಿ, ನೀ ನಡಿ."

ಲಾರಿಯ ಮುಂದೆ ಬಣ್ಣಬಣ್ಣದ ಕೊಡಗಳು ಆಗಲೇ ಸಾಲುಗಟ್ಟಿದ್ದವು. ಕೆಳಗಿನ ಮನೆಯ ಕೌಸಲ್ಯಾ ಅವಳಿಗಾಗಿ ಜಾಗ ಹಿಡಿದಿದ್ದಳು. ಮನೆ ಕೌಸಲ್ಯಾಳದೇ. ಗಂಡ ರೈಲು ಡಬ್ಬಿ ಕಾರ್ಖಾನೆಯಲ್ಲಿ. ಮೈಸೂರು ಕಡೆಯಿಂದ ಅಜ್ಜನ ಕಾಲಕ್ಕೆ ಬಂದವರು, ಮಾತಿನಲ್ಲಿ ಅರ್ಧ ತಮಿಳು.

"ಬಂದ್ರಾ ಅಕ್ಕ. ಡ್ರೈವರ್ ಮಾಪಿಳ್ಳೈ ಇವತ್ತು ಬೇಗನೆ ದರ್ಶನ ಕೊಟ್ಟ," ಎಂದಳು ಕೌಸಲ್ಯಾ. "ನನ್ನ ಮದುವೇಲಿ ಗಂಡಿಗೂ ಹಿಂಗೆ ಕಾಯಲಿಲ್ಲ ಕಣ್ರೀ."

ಹಿಂದೆ ಇದ್ದವರು ನಕ್ಕರು. ಕಲ್ಯಾಣಮ್ಮನೂ ತುಟಿ ಅಗಲಿಸಿದಳು. ನೀರಿಗಾಗಿ ನಿಂತಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ಮನೆಯ ಮೆಟ್ಟಿಲವರೆಗೆ ನೀರು ಬಂದದ್ದನ್ನು ಕಂಡವಳು, ಇಲ್ಲಿ ಒಂದು ಕೊಡಕ್ಕಾಗಿ ಮೊಣಕೈ ಮುಂದೆ ಮಾಡುತ್ತಾಳೆ.

"ಒಂದು ಕೇಳ್ತೀನಿ, ತಪ್ಪಾ ತಿಳ್ಕೋಬೇಡಿ." ಕೌಸಲ್ಯಾ ದನಿ ತಗ್ಗಿಸಿದಳು. "ನಿಮ್ಮ ಪಯ್ಯ, ಶಿವೂಗೆ ಏನು ಅಕ್ಕ, ನಿಜವಾಗ್ಲೂ?"

"ಕಾಮಾಲಿ ಅಂತ ಹೇಳಿದ್ನೆಲ್ಲ."

"ಕಾಮಾಲೆಗೆ ತಟ್ಟೆ ಯಾಕೆ ಹೊರಗೆ ಇಡ್ತೀರಿ? ಲೋಟಾನೂ ಬೇರೆ. ಊಟ ಬಾಗಿಲಾಚೆ. ನಮ್ಮನೆ ಮಕ್ಕಳು ಹತ್ತೋ ಇಳಿಯೋ ಮೆಟ್ಟಿಲು ಅದು. ಮೈಮೇಲೆ ಅಮ್ಮ ಎದ್ದಿದ್ರೆ ಹೇಳಿ, ಬೇವಿನ ಸೊಪ್ಪು ಕಟ್ಟೋಣ. ಟೀಬೀ ಆದ್ರೂ ಪರವಾಯಿಲ್ಲ, ಮಾತ್ರೆ ಇದೆ. ಒಳಗಿನವರೇ ಮುಟ್ಟೋಲ್ಲ ಅಂದ್ರೆ ನಾವು ಏನು ಅಂದ್ಕೊಳ್ಳೋದು? ನಮ್ಮ ಚಿಕ್ಕವನು ಕೇಳ್ತಾನೆ, ಅಮ್ಮಾ, ಮಹಡಿ ಅಣ್ಣ ಸತ್ತೋಗ್ತಾನಾ ಅಂತ. ಒಂದು ಏಟು ಹೊಡೆದೆ ಬಾಯಿ ಮೇಲೆ."

ಕಲ್ಯಾಣಮ್ಮ ಕೊಳವೆಯ ಕೆಳಗೆ ಕೊಡ ಇಟ್ಟಳು. ನೀರು ಬೀಳುವ ಸದ್ದಿನಲ್ಲಿ ಉತ್ತರ ಕೊಡದಿದ್ದರೂ ನಡೆಯುತ್ತಿತ್ತು. ನಮ್ಮ ಪದ್ಧತಿ ಎಂದು ಹೇಳಬಹುದಿತ್ತು. ಹೇಳಿದರೆ ಲಿಂಗ ಹೇಗೆ ಹೋಯಿತು ಎಂಬುದೂ, ಆಸ್ಪತ್ರೆಗೆ ಯಾಕೆ ಹೋದರು ಎಂಬುದೂ ಅದರ ಹಿಂದೆಯೇ ಬರುತ್ತಿತ್ತು. ಸತ್ತೋಗ್ತಾನಾ. ಆರು ವರ್ಷದ ಮಗು ಕೇಳಿದೆ. ಡಾಕ್ಟರಮ್ಮ ಕೇಳಿ ಎಂದದ್ದನ್ನು ಓಣಿಯ ಮಗುವೊಂದು ಕೇಳಿದೆ, ಅದಕ್ಕೆ ಏಟು ಬಿದ್ದಿದೆ. ಹೊರಗಿನಿಂದ ನೋಡುವವರಿಗೆ ತನ್ನ ಮನೆ ಹೇಗೆ ಕಾಣುತ್ತಿದೆ ಎಂದು ಅವಳು ಮೊದಲ ಸಲ, ಮನಸ್ಸಿನಲ್ಲೇ ಆ ಮೆಟ್ಟಿಲ ಕೆಳಗೆ ನಿಂತು ನೋಡಿದಳು. ಬಾಗಿಲಾಚೆ ಕೂತು ಒಬ್ಬ ಹುಡುಗ ತಲೆ ತಗ್ಗಿಸಿ ಉಣ್ಣುತ್ತಾನೆ, ಒಳಗೆ ನಾಲ್ಕು ಜನ ಸಾಲಾಗಿ ಕೂತು ಉಣ್ಣುತ್ತಾರೆ. ಊರಲ್ಲಿ ಹೀಗೆ ಹೊರಗಿಟ್ಟು ಉಣಬಡಿಸುವುದು ಯಾರಿಗೆ? ಅಮಾವಾಸ್ಯೆಯ ದಿನ ಸತ್ತವರ ಹೆಸರಿನಲ್ಲಿ ಹಿತ್ತಿಲಲ್ಲಿ ಎಲೆ ಹಾಕಿ, ತಿರುಗಿ ನೋಡದೆ ಬರುತ್ತಿದ್ದರು. ಕೊಡ ತುಂಬಿ ಪಾದದ ಮೇಲೆ ಚೆಲ್ಲಿತು.

"ಅಕ್ಕಾ, ನೀರು," ಎಂದಳು ಕೌಸಲ್ಯಾ.

ಒಂದು ಕೊಡ ಸೊಂಟದಲ್ಲಿ, ಒಂದು ಕೈಯಲ್ಲಿ ಹಿಡಿದು ಮೇಲೆ ಬಂದಾಗ ಮನೆಯಲ್ಲಿ ಧೂಪದ ವಾಸನೆ. ಚಾಪೆ ಖಾಲಿಯಿತ್ತು. ಬಚ್ಚಲಿನ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅತ್ತೆ ದೇವರ ಜಗಲಿಯ ಮುಂದೆ ಕೂತು, ಎಡಗೈಯಲ್ಲಿ ಲಿಂಗವಿಟ್ಟು, ಅರೆಗಣ್ಣು ಮುಚ್ಚಿದ್ದಳು.

"ಶಿವು ಎಲ್ರಿ?"

ಮುದುಕಿ ಕಣ್ಣು ತೆರೆಯದೆ ಬಲಗೈಯಿಂದ ಮೇಲೆ ತೋರಿಸಿದಳು.

"ಮ್ಯಾಲ? ತಾರಸಿಗಿ? ಒಬ್ಬನ?"

"ಪೂಜಿ ಹೊತ್ತಿನ್ಯಾಗ ದಿನಾ ಕಳಸ್ತೀನೆಲ್ಲ," ಎಂದಳು ಅತ್ತೆ. ಅವಳ ದನಿಯಲ್ಲಿ ತಪ್ಪಿನ ಸುಳಿವೂ ಇರಲಿಲ್ಲ. "ಲಿಂಗ ಇಲ್ಲದವರು ಎದುರಿಗಿರಬಾರದು. ಮುಗಿದ ಮ್ಯಾಲ ಕರೀತೀನಿ, ಇಳದ ಬರ್ತಾನ."

ದಿನಾ. ಲಾರಿ ಬರುವ ದಿನ ಅವಳು ಸಾಲಿನಲ್ಲಿರುತ್ತಾಳೆ, ಬರದ ದಿನ ಬಿಂದುವನ್ನು ಶಾಲೆಗೆ ಬಿಡಲು ಹೋಗಿರುತ್ತಾಳೆ. ಒಬ್ಬನನ್ನು ಬಿಡಬೇಡಿ ಎಂದರೆ ಮುದುಕಿಗೆ ಅರ್ಥವಾದದ್ದು, ಓಣಿಗೆ ಬಿಡಬೇಡಿ ಎಂದು. ಕೈಯ ಕೊಡ ಅಲ್ಲೇ ಬಿಟ್ಟು, ಸೊಂಟದ್ದನ್ನು ಕೆಳಗಿಡಲೂ ಹೊಳೆಯದೆ ಕಲ್ಯಾಣಮ್ಮ ಮೆಟ್ಟಿಲು ಹತ್ತಿದಳು. ಸೊಂಟದ ಕೊಡ ಗೋಡೆಗೆ ಬಡಿದು ಚೆಲ್ಲುತ್ತಿತ್ತು. ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಓಡಬಾರದು, ಓಡುವ ಸದ್ದು ಕೇಳಿದರೆ ಏನಾದರೂ ಆದೀತು ಎಂದು ಒಂದು ಕಾಲು ಹೇಳುತ್ತಿತ್ತು, ಇನ್ನೊಂದು ಕೇಳುತ್ತಿರಲಿಲ್ಲ.

ಅವನು ಖಾಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದ. ಕಾಲು ಮಡಚಿ, ಗೋಡೆಗೆ ಬೆನ್ನು ಕೊಟ್ಟು, ಸುಮ್ಮನೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯಾಕ ಓಡಿ ಬಂದಿ?"

"ಓಡಿ ಎಲ್ಲಿ ಬಂದ್ನಿ. ಹಂಗ ಬಂದೆ."

"ಕೊಡಾ ತಂದಿ."

ಅವಳು ಕೊಡವನ್ನು ಇಳಿಸಿ ಅವನ ಪಕ್ಕದಲ್ಲಿ ಕೂತಳು. ನೆಲ ಸುಡುತ್ತಿತ್ತು. ನೆರಳು ಇಬ್ಬರಿಗೆ ಸಾಲುತ್ತಿರಲಿಲ್ಲ, ಅವನು ಸ್ವಲ್ಪ ಸರಿದು ಜಾಗ ಕೊಟ್ಟ. ದೂರದಲ್ಲಿ ರೈಲೊಂದು ಹೊರಡಲಾರದೆ ಕೂಗುತ್ತಿತ್ತು.

"ಅವ್ವ, ಮುತ್ಯಾ ಇನ್ನೂ ಕುಂತ ಇರ್ತಾನೇನು?"

ಅವಳಿಗೆ ತಕ್ಷಣ ಅರ್ಥವಾಯಿತು, ಅರ್ಥವಾಗದವಳಂತೆ ಇದ್ದಳು. ಅವರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ, ಕೈಯಲ್ಲಿ ಅವರವರ ಲಿಂಗವಿಟ್ಟು. ಮಾವನನ್ನು, ಶಿವುವಿನ ಮುತ್ಯಾನನ್ನು, ಹೊಲದ ಬದುವಿನ ಮೇಲೆ ಹಾಗೆಯೇ ಕೂಡಿಸಿ, ಮೇಲೆ ಗದ್ದುಗೆ ಕಟ್ಟಿದ್ದರು. ನೀರು ಮೊದಲು ಬಂದದ್ದು ಆ ಹೊಲಕ್ಕೆ.

"ಅದೆಲ್ಲ ಯಾಕ ಈಗ," ಎಂದಳು.

"ನೀರಾಗ ಕುಂತಿರ್ತಾನ. ಲಿಂಗ ಕೈಯಾಗಿರತೈತಿ." ಅವನು ತನ್ನ ಅಂಗೈ ನೋಡಿಕೊಂಡ. "ಆವತ್ತ ನಾ ಸತ್ತಿದ್ರ, ನನ್ನ ಕೈಯಾಗ ಏನ ಇಡತಿದ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸಲು ಬಾರದೆ ಕೇಳಿದ ಹಾಗಿತ್ತು.

"ದವಾಖಾನ್ಯಾಗ ಒಮ್ಮೆ ಕಣ್ಣ ತೆರದಿದ್ದೆ," ಅವನೇ ಮುಂದುವರಿಸಿದ. "ನೀ ಇರಲಿಲ್ಲ."

"ಇದ್ನೆಲ್ಲೋ."

"ಮಂಚದ ಕೆಳಗ ಇದ್ದಿ. ನಿನ್ನ ಬೆನ್ನ ಅಷ್ಟ ಕಾಣತಿತ್ತು. ಏನ ಹುಡುಕಾಕತ್ತಿದ್ದಿ?"

ಬಳೆ ಎನ್ನಬಹುದಿತ್ತು. ತಲೆ ಸುತ್ತಿ ಕೂತಿದ್ದೆ ಎನ್ನಬಹುದಿತ್ತು.

"ನಿನ್ನ ಲಿಂಗ," ಎಂದಳು.

ಅವನು ತಲೆಯಾಡಿಸಿದ, ಸರಿಯಾದ ಉತ್ತರವೇ ಬಂತು ಎಂಬಂತೆ. "ಸಿಗಲಿಲ್ಲ."

"ಸಿಗಲಿಲ್ಲ."

ಇಷ್ಟು ಹತ್ತಿರ ಅವನ ಪಕ್ಕ ಕೂತು ಎಷ್ಟು ದಿನವಾಗಿತ್ತೋ. ಅವನ ಅಂಗಿಯಿಂದ ಬೆವರಿನ, ಗುಳಿಗೆಯ ವಾಸನೆ ಬರುತ್ತಿತ್ತು. ಅವಳು ಕೊಡದ ಕಂಠ ಹಿಡಿದುಕೊಂಡಳು, ಏನನ್ನಾದರೂ ಹಿಡಿಯಬೇಕಾಗಿತ್ತು. "ಶಿವು, ಮತ್ತ ಹಂಗ ಅನಸತೈತೇನು?"

ಕೇಳಿಬಿಟ್ಟಳು. ತಾರಸಿ ಹಾಗೆಯೇ ಇತ್ತು, ಬಿಸಿಲು ಹಾಗೆಯೇ ಇತ್ತು.

"ಅನಸತೈತಿ."

"ಯಾವಾಗ?"

"ದಿನಾ. ರಾತ್ರಿ ಕಡಿಮಿ, ನೀವೆಲ್ಲಾ ಮಕ್ಕೊಂಡಿರ್ತೀರಿ, ಉಸಿರು ಕೇಳತೈತಿ." ಅವನು ಗೋಡೆಗೆ ತಲೆ ಆನಿಸಿದ. "ಇಲ್ಲಿ ಕುಂತಾಗ ಭಾಳ. ಪೂಜಿ ಮುಗಿಯೂ ಮಟಾ."

ಅವಳು ಅಳಲಿಲ್ಲ. ಅತ್ತರೆ ಅವನೇ ಸಮಾಧಾನ ಮಾಡಬೇಕಾಗುತ್ತಿತ್ತು. "ಹೇಳಿದ್ದ ಬೇಷಾತು," ಎಂದಳು, ಬಾಯಿಗೆ ಬಂದದ್ದು ಅದೊಂದೇ. "ನಾಳಿ ಡಾಕ್ಟರಮ್ಮನ ಕಡೆ ಹೋಗೂಣು. ನಿಮ್ಮ ಅಪ್ಪ ಬರಲಿಲ್ಲಂದ್ರ ನಾವಿಬ್ಬರ. ಬಸ್ಸು ಯಾವದು ಅಂತ ಕೌಸಲ್ಯಾನ್ನ ಕೇಳತೀನಿ."

"ಕಾಮಾಲಿ ಅಂತ ಹೇಳೀದಿ ಅವರಿಗಿ."

"ಖರೇ ಹೇಳತೀನಿ."

ಅವನು ನಂಬಲಿಲ್ಲ, ನಂಬದೆಯೂ ಎದ್ದ. ಅವಳು ಅವನನ್ನು ಮುಂದೆ ಬಿಟ್ಟುಕೊಂಡು ಇಳಿದಳು.

ಅತ್ತೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿ ಎದ್ದಿದ್ದಳು. ಎಂದಿನಂತೆ ಹೊಸ್ತಿಲಾಚೆ ಕೂರಲು ಬಾಗಿದ ಮಗನ ರಟ್ಟೆ ಹಿಡಿದು ಕಲ್ಯಾಣಮ್ಮ ಒಳಗೆ ಎಳೆದುಕೊಂಡಳು, ಹಂಚಿನ ಪಕ್ಕದಲ್ಲಿ ಕೂಡಿಸಿದಳು. ತನ್ನ ಗಂಗಾಳ ತೆಗೆದು ಎರಡು ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ ಇಬ್ಬರ ನಡುವೆ ಇಟ್ಟಳು. ಒಂದು ತುತ್ತು ಮುರಿದು ತಾನು ತಿಂದಳು. "ತಿನ್ನು," ಎಂದಳು. ಅವನು ಅಜ್ಜಿಯ ಕಡೆ ನೋಡಿ, ಸಣ್ಣ ಚೂರೊಂದನ್ನು ಮುರಿದ.

"ಏನ ಮಾಡಾಕತ್ತಿ?" ಎಂದಳು ಅತ್ತೆ.

"ಉಣ್ಣಾಕ ಕುಂತೀನ್ರಿ."

"ಒಂದ ಗಂಗಾಳದಾಗ?"

"ಹೂಂ."

"ಅಯ್ಯಾವರು ಶ್ರಾವಣಾ ಮುಗಿದ ಮ್ಯಾಲ ಬರ್ತೀನಂದಾರ."

"ಬರಲಿ. ಬಂದಾಗ ಕಟ್ಟಲಿ. ಅಲ್ಲೀ ಮಟಾ ಇವ ತಾರಸಿಗಿ ಹೋಗಂಗಿಲ್ಲ, ಹೊರಗೂ ಉಣ್ಣಂಗಿಲ್ಲ."

ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದಳು. ಮುದುಕಿ ಗೋಡೆ ಹಿಡಿದು ನಿಂತೇ ಇದ್ದಳು. ವಿಭೂತಿಯ ಕೆಳಗೆ ಮುಖ ತೀರ ಚಿಕ್ಕದಾಗಿ ಕಂಡಿತು.

"ಊರ ಹೋತು," ಎಂದಳು ನಿಧಾನವಾಗಿ. "ಮನಿ ಹೋತು. ನಿಮ್ಮ ಮಾವ ಕುಂತ ಜಾಗಾನೂ ಹೋತು. ಇದೊಂದ ಉಳದಿತ್ತವ್ವಾ ನನಗ. ಇದನ್ನ ನೀ ನಿನ್ನ ಕೈಲೆ ಮುಳುಗಿಸಿದಿ."

ಅತ್ತೆ ಬಗ್ಗಿ ಗೂಡಿನಲ್ಲಿದ್ದ ತನ್ನ ಹಿತ್ತಾಳೆಯ ಗಂಗಾಳ ತೆಗೆದು, ನೆಲದ ಮೇಲೆ ಬೋರಲು ಹಾಕಿದಳು. ಸದ್ದಾಗದಂತೆ, ಮೆಲ್ಲಗೆ ಹಾಕಿದಳು.

"ಈ ಮನಿ ಅನ್ನದ ಋಣ ಇವತ್ತಿಗೆ ತೀರಿತು ನಂದು."

ಹೋಗಿ ಜಗಲಿಯ ಮುಂದೆ ಬೆನ್ನು ಮಾಡಿ ಕೂತಳು. ಹಟದಲ್ಲಿ ಆ ಮನೆತನದವರೆಲ್ಲ ಒಂದೇ. ಆಕೆ ಉಣ್ಣುವುದಿಲ್ಲ ಎಂದರೆ ಉಣ್ಣುವುದಿಲ್ಲ. ಸಂಜೆ ಏಕಾಂತಪ್ಪ ಬರುತ್ತಾನೆ, ಬೋರಲು ಬಿದ್ದ ಗಂಗಾಳ ನೋಡುತ್ತಾನೆ, ತಾಯಿಯ ಪಕ್ಕ ಕೂತು ತಾನೂ ಉಣ್ಣದೆ ಮಲಗುತ್ತಾನೆ.

ಶಿವು ಕೈಯಲ್ಲಿದ್ದ ಚೂರನ್ನು ಗಂಗಾಳಕ್ಕೆ ಮರಳಿಸಿದ.

"ಅವ್ವ, ಆಯಿಗೆ ಹಾಕು. ನಾ ಹೊರಗ ಹೋಗ್ತೀನಿ."

"ಕುಂದ್ರು."

"ನನ್ನ ಸಲವಾಗಿ ಆಕಿ ಉಪಾಸ ಯಾಕ. ನಾ ಇರದಿದ್ರ ಎಲ್ಲಾರೂ..."

"ಕುಂದ್ರಂದೆ."

ಅವನು ಏಳಲು ನೋಡಿದ. ಅವಳು ಎಡಗೈಯಿಂದ ಅವನ ಮಣಿಕಟ್ಟು ಹಿಡಿದಳು. ಎಲುಬಿನ ಮೇಲೆ ತೊಗಲು ಅಷ್ಟೇ, ಅದರ ಕೆಳಗೆ ನಾಡಿ ಬೆರಳಿಗೆ ಹತ್ತುತ್ತಿತ್ತು, ಬೇಗಬೇಗ. ಮಗ ಕೈಯನ್ನು ಒಮ್ಮೆ ಎಳೆದ. ಅವಳು ಬಿಡಲಿಲ್ಲ. ಮತ್ತೆ ಎಳೆಯಲಿಲ್ಲ, ಒಪ್ಪಿದನೋ ದಣಿದನೋ ಅವಳಿಗೆ ತಿಳಿಯಲಿಲ್ಲ. ಅತ್ತೆಯ ಬೆನ್ನು ಅಲುಗಲಿಲ್ಲ. ಹೊರಗೆ ಯಾರೋ, ನೀರಿಲ್ಲದ ಈ ದಿನಗಳಲ್ಲೂ, ಮೆಟ್ಟಿಲು ತೊಳೆಯುತ್ತಿದ್ದರು. ಪಲ್ಯ ತಣ್ಣಗಾಯಿತು, ಅವಳ ಬಲಗೈಯ ಬೆರಳುಗಳ ಮೇಲೆ ಎಂಜಲು ಒಣಗಿ ಬಿಗಿಯಿತು, ಕೈ ತೊಳೆಯಲು ಏಳಬೇಕಾದರೆ ಹಿಡಿದದ್ದನ್ನು ಬಿಡಬೇಕಾಗಿತ್ತು.